ದೀಪ ಎಷ್ಟೆಂದು ಹೇಳಿಕೊಡಲಾರೆ

ಮುಲುಂಡ್, ಮಧ್ಯಾಹ್ನ

ಪುಟ್ಟ ಯಕ್ಷಿತಾ,

ನೀನು ಶಾಲೆಯಿಂದ ಬರಲು ಇನ್ನೂ ಎರಡು ಗಂಟೆಯಿದೆ. ಐದಕ್ಕೆ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ: ನಿನಗೆ ಈ ಅಕ್ಷರ ಇನ್ನೂ ಓದಲು ಬಾರದು, ಇವತ್ತಿನ ಪರೀಕ್ಷೆಯ ಉತ್ತರ ಈ ಕಾಗದದಲ್ಲಿದೆ.

ನಿನ್ನೆ ಜಡೆ ಹೆಣೆಯುವಾಗ ಕೇಳಿದೆಯಲ್ಲ, "ಅಮ್ಮಾ, ಡಾಕ್ಟರ್ ಅಂಕಲ್ ಲೈಟ್ಸ್ ತೋರಿಸಿದ್ರೆ ಎಷ್ಟು ಹೇಳ್ಬೇಕು? ಆನ್ಸರ್ ಹೇಳು ನಾ!" ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ಎಂಟು ವರ್ಷದ ನೀನು ಹೀಗೆ ಕೇಳುವುದನ್ನು ಕಲಿತದ್ದು ನನ್ನಿಂದಲೇ.

ಜೂನಿಯರ್ ಕೇಜಿ ಇಂಟರ್‌ವ್ಯೂಗೆಂದು ಬಣ್ಣ, ಹಣ್ಣು, ಪ್ರಾಣಿ ಎಲ್ಲ ಬಾಯಿಪಾಠ ಮಾಡಿಸಿದ್ದೆ. ಕಣ್ಣಿನ ತಪಾಸಣೆಯೂ ಇದೆ ಎಂದು ತಿಳಿದಾಗ ಆ ಅಕ್ಷರಗಳ ಚಾರ್ಟನ್ನೂ ಫ್ರಿಜ್ ಮೇಲೆ ಅಂಟಿಸಿದೆ. ತಪಾಸಣೆಯ ದಿನ ಬಲಗಣ್ಣು ಮುಚ್ಚಿದರೂ ನೀನು ಕೊನೆಯ ಸಾಲಿನವರೆಗೆ ತಡವರಿಸದೆ ಒಪ್ಪಿಸಿದೆ. ಹೆಮ್ಮೆಯಿಂದ ಐಸ್‌ಕ್ರೀಮ್ ಕೊಡಿಸಿದೆ. ನಿನ್ನ ಎಡಗಣ್ಣಿಗೆ ಎರಡನೇ ಸಾಲಿನಾಚೆ ಏನೂ ಕಾಣುವುದಿಲ್ಲವೆಂದು ಗೊತ್ತಾದದ್ದು ಮೂರು ವರ್ಷದ ಮೇಲೆ.

ಆ ಕಣ್ಣು ಕುರುಡಲ್ಲ ಎಂದರು ಡಾಕ್ಟರು. ಅದೂ ಚಿತ್ರ ಕಳಿಸುತ್ತದೆ, ಮಸುಕಾಗಿ. ಬಲಗಣ್ಣಿನ ಚಿತ್ರ ಸ್ಪಷ್ಟವಾಗಿರುವುದರಿಂದ ಮೆದುಳು ಅದನ್ನೇ ನಂಬಿ, ಇನ್ನೊಂದನ್ನು ಅದುಮಿಡಲು ಕಲಿತಿದೆ. ಎರಡೂ ಕಣ್ಣು ತೆರೆದಿದ್ದಾಗಲೇ ಎಡಗಣ್ಣು ಹೆಚ್ಚು ಸುಮ್ಮನಾಗುವುದಂತೆ. ಅದನ್ನು ಕೇಳಿದಾಗಿನಿಂದ, ಯಾರಾದರೂ ನಿನ್ನ ಹೆಸರು ಕೇಳಿದರೂ ನಾನೇ ಹೇಳಿಬಿಡುವುದು ನೆನಪಾಗುತ್ತಿದೆ.

ಆರು ತಿಂಗಳಿಂದ ಕನ್ನಡಕ, ಎಡಗಣ್ಣು ತಾನೇ ದುಡಿಯಲೆಂದು ದಿನಕ್ಕೆರಡು ಗಂಟೆ ಬಲಗಣ್ಣಿಗೆ ಪಟ್ಟಿ. ದಹಿಸರ್‌ನ ಅಜ್ಜಿ ನೋಡಿ, "ಎಂಥದು ಮಗಾ, ಒಳ್ಳೆ ಕಣ್ಣಿಗೇ ಬೀಗ ಹಾಕಿದ್ದಾ ನಿನ್ನಮ್ಮ?" ಎಂದಾಗ ನೀನು ನಕ್ಕೆ. ನನಗೆ ನಗು ಬರಲಿಲ್ಲ. ಈಗ ಎಡಗಣ್ಣು ಒಂಟಿಯಾಗಿ ಆರನೇ ಸಾಲು ಓದುತ್ತದೆ. ಬಲಗಣ್ಣಿನ ಜೊತೆಗೂಡಿ ನೋಡುತ್ತದೆಯೇ? ಅದು ತಿಳಿಯುವುದು ಇವತ್ತು.

ಬಲಕ್ಕೆ ಕೆಂಪು, ಎಡಕ್ಕೆ ಹಸಿರು ಗಾಜಿನ ಕನ್ನಡಕ ಹಾಕಿ ನಾಲ್ಕು ಬಣ್ಣದ ದೀಪ ತೋರಿಸುತ್ತಾರೆ. ನಾಲ್ಕು ಕಂಡರೆ ಎರಡೂ ಕಣ್ಣು ಕೂಡಿ ನೋಡುತ್ತಿವೆ. ಕೆಂಪು ಎರಡೇ ಕಂಡರೆ ಎಡಗಣ್ಣು ಇನ್ನೂ ಸುಮ್ಮನಿದೆ. ಐದು ಕಂಡರೆ ಎರಡೂ ನೋಡುತ್ತಿವೆ, ಆದರೆ ಬೇರೆಬೇರೆಯಾಗಿ. "ಮೊದಲೇ ಹೇಳಿಕೊಡಬೇಡಿ ಮೇಡಂ," ಎಂದಿದ್ದಾರೆ.

ನಾಲ್ಕು. ಎಷ್ಟು ಸಣ್ಣ ಉತ್ತರ! ಬೆಳಿಗ್ಗೆ ಡಬ್ಬಿ ಕೊಡುವಾಗ ತುದಿನಾಲಿಗೆಗೆ ಬಂದಿತ್ತು. ನಿನ್ನ ಮುಖ ಬಾಡಬಾರದೆಂದೋ, ನನ್ನ ತಪ್ಪು ಎದುರಿಗೆ ಬರಬಾರದೆಂದೋ, ನನಗೇ ತಿಳಿಯದು. ಸಂಜೆಯವರೆಗೆ ಬಾಯಿ ಕಟ್ಟಿಕೊಂಡಿರಬಲ್ಲೆನೇ? ಮುಂದೊಂದು ದಿನ ಇದನ್ನು ಓದುವಾಗ ಅದು ನಿನಗೆ ಗೊತ್ತಿರುತ್ತದೆ.

ಎರಡು ಕಂಡರೆ ಎರಡೇ ಅನ್ನು, ಯಕ್ಷಿ. ಐದು ಕಂಡರೆ ಐದು. ಉತ್ತರಿಸುವ ಮುನ್ನ ನೀನು ನನ್ನ ಕಡೆ ತಿರುಗುತ್ತೀಯ, ಯಾವಾಗಲೂ ಹಾಗೆಯೇ. ಆಗ ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ.

ನಿನ್ನ ಎರಡೂ ಕಣ್ಣು ತಣ್ಣಗಿರಲಿ, ಕೂಸೇ.

ಸಂಜೆ ನಿನ್ನ ಹಿಂದಿನ ಕುರ್ಚಿಯಲ್ಲಿ ತುಟಿ ಬಿಗಿದು ಕೂರಲಿರುವ,
ಅಮ್ಮ