ಒಲೆ ಹಚ್ಚದ ಮನೆಗೆ ಅನ್ನ

ರೀ,

ಪಕ್ಕದ ಮನೆಯ ನಯನಳ ಕೂಸು ಕಣ್ಣು ಬಿಡುತ್ತಿಲ್ಲ. ತಾಯಿ, ಮಗು ಇಬ್ಬರನ್ನೂ ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ.

ಅವಳ ಗಂಡ ತೀರಿಕೊಂಡು ಮೂರು ದಿನ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅನ್ನ ಅಕ್ಕಪಕ್ಕದವರೇ ಒಯ್ಯಬೇಕು. ಎದುರುಮನೆಯವರು ಒಯ್ದಿರಬಹುದೆಂದು ನಾವು, ನಾವು ಒಯ್ದಿರಬಹುದೆಂದು ಅವರು, ಎಲ್ಲರೂ ಸುಮ್ಮನಿದ್ದೆವು. ಉಪವಾಸಕ್ಕೆ ಬಾಣಂತಿಯ ಎದೆಹಾಲು ಬತ್ತಿದೆ.

ನಿನ್ನೆ ನೀವು ಬಾಗಿಲಲ್ಲೇ ನಿಂತು ಅವಳತ್ತೆ ದೇವಿರಮ್ಮನವರನ್ನು “ಉಂಡ್ರೇನವ್ವ?” ಎಂದು ಕೇಳಿದಿರಿ. ಮಗನನ್ನು ಮಣ್ಣು ಮಾಡಿದ ತಾಯಿ “ಉಂಡೊ ಕಣಪ್ಪ” ಎನ್ನದೆ ಇನ್ನೇನು ಹೇಳಿಯಾರು? ಕೂಸಿನ ಅಳು ನಿಂತಾಗ, ಸದ್ಯ ಮಲಗಿತು ಎಂದುಕೊಂಡವಳು ನಾನು.

ಕುಕ್ಕರಿನಲ್ಲಿ ಅನ್ನವಿದೆ. ಸಾರು ಬಿಸಿ ಮಾಡಿಕೊಂಡು ಹೋಗಿ. ದೇವಿರಮ್ಮನವರನ್ನು ಏನೂ ಕೇಳದೆ ಬಡಿಸಿ, ಉಣ್ಣುವವರೆಗೂ ಎದುರಿಗೇ ಕೂತಿರಿ.

ನನ್ನ ಫೋನ್ ಬಂದರೆ ಅವರ ಮುಂದೆ ಎತ್ತಬೇಡಿ, ಹೊರಗೆ ಬನ್ನಿ.