ಚುಕ್ಕೆ ಫೋನು, ಗೆರೆ ಫೋನು

ಅಕ್ಕನ ಮನೆ
ಗುರುವಾರ, ಮಾರ್ಚ್ ೧೪

ನಮ್ಮ ಮನೆಯ ಮಾತುಗಾರರಿಗೆ,

ಮಂಗಳವಾರ ಮಧ್ಯಾಹ್ನ ಊಟ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದವಳು ಅಕ್ಕನ ಮನೆಗೆ ಕ್ಷೇಮವಾಗಿ ಬಂದು ಸೇರಿದ್ದೇನೆ. ಅಲ್ಲಿಂದ ಇಲ್ಲಿಯವರೆಗೆ ನೀವು ಇಪ್ಪತ್ತಮೂರು ಸಲ ಫೋನ್ ಮಾಡಿದ್ದೀರಿ. ನಾನು ಎತ್ತಲಿಲ್ಲ. ಫೋನಿನಲ್ಲಿ ನಿಮ್ಮ ಜೊತೆ ಮಾತಾಡಿ ಗೆದ್ದವರು ಯಾರಿದ್ದಾರೆ ಹೇಳಿ? ಅದಕ್ಕೇ ಈ ಕಾಗದ. ಇದರಲ್ಲಾದರೂ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಮನೆ ವಿಷಯ. ಅತ್ತೆಯ ಮಾತ್ರೆ ಫ್ರಿಜ್ಜಿನ ಮೇಲಿರುವ ನೀಲಿ ಡಬ್ಬಿಯಲ್ಲಿದೆ, ಊಟ ಆದ ಮೇಲೆ ಒಂದು. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತೆ ಅಂತ ಜೋರಾಗಿ ತಿರುಗಿಸಬೇಡಿ, ಕೈಗೇ ಕಿತ್ತು ಬರುತ್ತೆ. ನಾನೆಲ್ಲಿ ಅಂತ ಅತ್ತೆ ಕೇಳಿದರೆ ಅಕ್ಕನಿಗೆ ಹುಷಾರಿಲ್ಲ ಅಂದುಬಿಡಿ. ಸುಳ್ಳು ಹೇಳುವುದು ಈಗ ನಿಮಗೇನೂ ಕಷ್ಟದ ಕೆಲಸವಲ್ಲವಲ್ಲ.

ಇನ್ನು ನಮ್ಮ ವಿಷಯ. ಹನ್ನೊಂದು ವರ್ಷದಿಂದ ನಾವಿಬ್ಬರೂ ಮಾಡಿಕೊಂಡು ಬಂದ ಕೆಲಸವನ್ನು ನಿಮಗೇ ಮತ್ತೆ ಬಿಡಿಸಿ ಹೇಳಬೇಕಾಗಿದೆ, ಯಾಕೆಂದರೆ ನಿಮಗೆ ಅದು ಪೂರ್ತಿ ಮರೆತಿದೆ. ನಿಮ್ಮ ವಿಡಿಯೋದಲ್ಲಿ ಹೋಲಿಸಿ ತೋರಿಸೋಕೆ ಎರಡು ಫೋನು ಬರುತ್ತವೆ. ಡಬ್ಬಿ ಒಡೆಯದೆ ನೀವು ಮಹಡಿ ಕೋಣೆಗೆ ತಗೊಂಡು ಹೋಗುತ್ತೀರಿ. ಯಾವುದು ಚುಕ್ಕೆ, ಯಾವುದು ಗೆರೆ ಅಂತ ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸುತ್ತೀರಿ. ಅಂಟಿಸಿದ ಜಾಗದ ಮೇಲೆ ನಾನು ಸಹಿ ಹಾಕುತ್ತೇನೆ. ಆಮೇಲೆ ಎರಡರಲ್ಲೂ ಅವೇ ಫೋಟೋ ತೆಗೆಯುತ್ತೀರಿ: ಕಿಟಕಿ ಹತ್ತಿರ ಕೂತ ಅತ್ತೆ, ತಂತಿಯ ಮೇಲಿನ ಕೆಂಪು ಅಂಗಿ, ಔಷಧಿ ಪೆಟ್ಟಿಗೆಯ ಸಣ್ಣಕ್ಷರ. ಮುದ್ರಿಸಿದ ಫೋಟೋದ ಹಿಂದೆ ಒಂದು ಚುಕ್ಕೆ ಅಥವಾ ಒಂದು ಗೆರೆ, ಅಷ್ಟೇ. ಬ್ಯಾಟರಿ ಎಷ್ಟು ಹೊತ್ತು ಬಂತು, ವಿಡಿಯೋ ತೆಗೆಯುವಾಗ ಎಷ್ಟು ಬಿಸಿಯಾಯಿತು, ಬಸ್ ನಿಲ್ದಾಣದಿಂದ ಮಾತಾಡಿದರೆ ಈ ಕಡೆಗೆ ಹೇಗೆ ಕೇಳಿಸಿತು, ಎಲ್ಲವೂ ಚುಕ್ಕೆ, ಗೆರೆ ಅಂತಲೇ ನನ್ನ ಕೈಗೆ ಬರುತ್ತವೆ. ಫೋನಿನ ಮುಖ ನೋಡದೆ ನಾನು ತೀರ್ಪು ಬರೆಯುತ್ತೇನೆ. ಕ್ಯಾಮೆರಾ ಮುಂದೆ ನೀವು ತೀರ್ಪು ಓದಿ, ಲಕೋಟೆ ಒಡೆದು, ಚೀಟಿಯನ್ನು ಜನಕ್ಕೆ ತೋರಿಸುತ್ತೀರಿ.

ಈ ನಿಯಮ ತಂದವಳು ನಾನೇ. ತೀರಾ ಶುರುವಿನಲ್ಲಿ ನಾನು ಬಳಸುತ್ತಿದ್ದ ಕಂಪನಿಯ ಫೋನಿಗೇ ಮೂರು ಸಲ ಗೆಲುವು ಕೊಟ್ಟಾಗ ನನ್ನ ಮೇಲೇ ನನಗೆ ಅನುಮಾನ ಬಂತು. ಹೆಸರು ಕಂಡರೆ ನನ್ನ ಕಣ್ಣು ವಾಲುತ್ತೆ, ನನಗೆ ಹೆಸರು ತೋರಿಸಬೇಡಿ ಅಂದೆ. ನೀವು ನಕ್ಕು, ಮುದ್ರಣಾಲಯದಲ್ಲಿ ಬಣ್ಣ ಹೊಂದಿಸುವವಳನ್ನು ಕಟ್ಟಿಕೊಂಡರೆ ಹೀಗೇ ಆಗೋದು ಅಂದಿರಿ. ಲಕೋಟೆ ಯಾರ ಕೈಯಲ್ಲಿರುತ್ತೋ ಅವರ ಮನಸ್ಸೂ ವಾಲಬಹುದು ಅಂತ ನನಗೆ ಆಗ ಹೊಳೆಯಲೇ ಇಲ್ಲ.

ರಸ್ತೆಯಲ್ಲಿ ಜನ ನಿಮ್ಮನ್ನು ನಿಲ್ಲಿಸಿ, ಫೋನಣ್ಣ, ಯಾವುದು ತಗೊಳ್ಳಲಿ ಅಂತ ಕೇಳುತ್ತಾರೆ. ಆಗೆಲ್ಲ ನೀವು ಎದೆಯುಬ್ಬಿಸಿ, ನಮ್ಮ ಮನೆಯವಳಿಗೆ ಯಾವುದು ಯಾವುದು ಅಂತಾನೇ ಗೊತ್ತಿರಲ್ಲ ಸ್ವಾಮಿ, ಅವಳು ಯಾರ ಪರ ಮಾತಾಡ್ತಾಳೆ ಅಂತೀರಿ. ತರಕಾರಿ ಚೀಲ ಹಿಡಿದು ಪಕ್ಕದಲ್ಲಿ ನಿಂತ ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಗೊತ್ತಾ? ಇಡೀ ಊರಿಗೆ ನೀವು ಮಾರಿದ್ದು ನನ್ನ ಪ್ರಾಮಾಣಿಕತೆಯನ್ನೇ.

ಜನವರಿಯಲ್ಲಿ ಈ ವರ್ಷದ ಎರಡು ದೊಡ್ಡ ಆಂಡ್ರಾಯ್ಡ್ ಫೋನು ಬಂದವು. ಅದೇ ವಾರ ಅಕ್ಕ ಮನೆಗೆ ಬಂದಿದ್ದಳು, ನೀವೂ ಇದ್ದಿರಿ. ಮನೆ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ಅವಳ ಕೆಲಸ ನಿಮಗೆ ಚೆನ್ನಾಗಿ ಗೊತ್ತು. ದಿನಾ ಗಾಯದ ಫೋಟೋ ತೆಗೆದು ಡಾಕ್ಟರಿಗೆ ಕಳಿಸಬೇಕು, ಹಳೆ ಫೋನು ಕೈಕೊಡ್ತಾ ಇದೆ, ಆಫೀಸಿನವರು ಈ ಎರಡರಲ್ಲಿ ಒಂದು ತಗೋ ಅಂದಿದ್ದಾರೆ ಅಂದಳು. ಕೆಂಪು ಎಷ್ಟಿದೆಯೋ ಅಷ್ಟೇ ತೋರಿಸಬೇಕು ಕಣೇ, ಬೇರೆ ಏನೂ ಬೇಡ ಅಂತ ನನ್ನ ಕೈ ಹಿಡಿದು ಹೇಳಿದಳು. ಇವರ ವಿಡಿಯೋ ಬರಲಿ, ಅದನ್ನ ನೋಡಿ ತಗೋ ಅಂತ ನಾನಂದೆ. ನೀವು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದಿರಿ.

ಹತ್ತು ದಿನ ನೀವು ತಂದ ಲೆಕ್ಕ, ಫೋಟೋ ನೋಡಿದೆ. ಗೆರೆ ಮೋಡಿ ಮಾಡುವ ಫೋನು, ಅದನ್ನು ನಾನೂ ಒಪ್ಪಿ ಬರೆದಿದ್ದೆ. ಅರ್ಧ ಗಂಟೆಯಲ್ಲಿ ಚಾರ್ಜು, ಬಿಸಿಲಿನಲ್ಲೂ ಓದಬಹುದಾದ ಪರದೆ, ಆಟ ಆಡಿದರೆ ಬೆಣ್ಣೆಯಂತೆ ಜಾರುತ್ತೆ. ಚುಕ್ಕೆ ಸ್ವಲ್ಪ ಭಾರ, ಚಾರ್ಜು ನಿಧಾನ, ಕೇಳಿದ ಕೂಡಲೇ ಮನಸ್ಸು ಸೆಳೆಯುವಂಥದ್ದೇನಿಲ್ಲ. ಆದರೆ ಬ್ಯಾಟರಿ ಸಂಜೆಯವರೆಗೆ ಧಾರಾಳವಾಗಿ ಬಂತು, ಬಸ್ಸಿನ ಗಲಾಟೆಯಲ್ಲೂ ನಿಮ್ಮ ಮಾತು ಒಂದೊಂದೂ ಕೇಳಿಸಿತು. ಮತ್ತೆ ಕ್ಯಾಮೆರಾ! ಚುಕ್ಕೆಯಲ್ಲಿ ಅತ್ತೆ ಅತ್ತೆಯಂತೆಯೇ ಇದ್ದರು. ಗೆರೆ ಅವರಿಗೆ ಇಪ್ಪತ್ತು ವರ್ಷ ಕಮ್ಮಿ ಮಾಡಿತ್ತು, ತುಟಿ ಪಕ್ಕದ ಕೆಂಪು ಮಚ್ಚೆಯನ್ನೇ ಒರೆಸಿ ಹಾಕಿತ್ತು. ಅಂದಗೊಳಿಸುವ ಸೆಟಿಂಗ್ ಎಲ್ಲ ಆಫ್ ಮಾಡಿ ಮತ್ತೆ ತೆಗೆಯಿರಿ ಅಂತ ನಿಮ್ಮನ್ನು ವಾಪಸ್ ಕಳಿಸಿದೆ. ಆಗಲೂ ಮಚ್ಚೆ ಬರಲಿಲ್ಲ. ಅತ್ತೆಗೆ ಮಾತ್ರ ಅದೇ ಫೋಟೋ ಇಷ್ಟವಾಗಿ, ನಾನು ಹೀಗೇ ಇರೋದು ಅಂತ ಹಟ ಹಿಡಿದು ಕಟ್ಟು ಹಾಕಿಸಿಕೊಂಡರು. ನಾವು ಮೂವರೂ ಎಷ್ಟು ನಕ್ಕಿದ್ದೆವು.

ನನ್ನ ತೀರ್ಪು ನಿಮಗೆ ನೆನಪಿರಬೇಕು. ಆಟಕ್ಕೆ, ಅಂದಕ್ಕೆ ಗೆರೆ, ಕೆಲಸಕ್ಕೆ ಚುಕ್ಕೆ, ಒಂದೇ ಕೊಳ್ಳುವುದಾದರೆ ಕಣ್ಣು ಮುಚ್ಚಿ ಚುಕ್ಕೆ. ಅದನ್ನು ನೀವು ಒಂದಕ್ಷರ ಬದಲಿಸದೆ ಓದಿದಿರಿ. ಲಕೋಟೆಯನ್ನೂ ನನ್ನ ಸಹಿ ಕಾಣುವ ಹಾಗೆ ಹಿಡಿದು ಒಡೆದಿರಿ. ಚೀಟಿ ತೆಗೆದಿರಿ, ನೋಡಿದಿರಿ, ಚುಕ್ಕೆ ಅಂದರೆ ಇದು ಅಂತ ಗೆರೆ ಫೋನಿನ ಹೆಸರು ಹೇಳಿದಿರಿ. ಅಷ್ಟೇ ಸುಲಭ. ಚೀಟಿಯನ್ನು ಜನಕ್ಕೆ ತೋರಿಸದೆ ಮಡಿಸಿ ಜೇಬಿಗೆ ಹಾಕಿಕೊಂಡಿರಿ.

ಅಕ್ಕ ಮಾರನೇ ದಿನವೇ ಆ ಫೋನು ಕೊಂಡಳು.

ಮಂಗಳವಾರ ನಾನು ಏರುದನಿಯಲ್ಲಿ ಹೇಳಿದ್ದರಿಂದ ನಿಮ್ಮ ಕಿವಿಗೆ ಸರಿಯಾಗಿ ಬಿದ್ದಿರಲಿಕ್ಕಿಲ್ಲ, ಈಗ ನಿಧಾನವಾಗಿ ಓದಿ. ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸಕ್ಕರೆ ಕಾಯಿಲೆ, ಎಡಗಾಲಿನಲ್ಲಿ ಹುಣ್ಣು. ಫೆಬ್ರವರಿ ಕೊನೆಯಲ್ಲಿ ಹುಣ್ಣಿನ ಸುತ್ತ ಕೆಂಪು ಹರಡತೊಡಗಿದ್ದು ಅಕ್ಕನ ಕಣ್ಣಿಗೆ ಬಿತ್ತು. ಡಾಕ್ಟರಿಗೆ ಫೋನಿನಲ್ಲಿ ಹೇಳಿದಳು, ಫೋಟೋನೂ ಕಳಿಸಿದಳು. ಫೋಟೋದಲ್ಲಿ ಅಂಥದ್ದೇನೂ ಕಾಣಿಸುತ್ತಿಲ್ಲ, ಗಾಬರಿಯಾಗಬೇಡಿ ಅಂತ ಡಾಕ್ಟರು ಅಂದರು. ಮಾರನೇ ದಿನವೂ ಅದೇ ಮಾತು. ಕೊನೆಗೆ ಅಕ್ಕನಿಗೇ ತನ್ನ ಕಣ್ಣಿನ ಮೇಲೆ ಅನುಮಾನ ಬಂತಂತೆ; ನನ್ನ ತಂಗಿ ಆರಿಸಿದ ಫೋನಲ್ಲವಾ, ಅದೇ ಸರಿ ಇರಬೇಕು ಅಂದುಕೊಂಡಳಂತೆ. ಐದನೇ ದಿನ ಮೇಷ್ಟ್ರಿಗೆ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಕಾಲಿನ ಎರಡು ಬೆರಳು ಕತ್ತರಿಸಬೇಕಾಯಿತು.

ಈಗ ಆಫೀಸಿನವರು, ಕೆಂಪಾಗಿದ್ದನ್ನು ನೀನು ಹೇಳಿದ್ದಕ್ಕೆ ದಾಖಲೆಯಿಲ್ಲ, ಫೋಟೋದಲ್ಲೂ ಇಲ್ಲ ಅಂತ ಅಕ್ಕನನ್ನು ಮನೆಯಲ್ಲಿ ಕೂರಿಸಿದ್ದಾರೆ. ಸೋಮವಾರ ವಿವರಣೆ ಕೊಡಬೇಕು. ಕೊಟ್ಟದ್ದು ಒಪ್ಪಿಗೆಯಾಗದಿದ್ದರೆ ಇಪ್ಪತ್ತೆರಡು ವರ್ಷದ ಕೆಲಸ ಹೋಗುತ್ತೆ. ಮೇಷ್ಟ್ರ ಮಗಳು ಅವಳ ಮುಖ ನೋಡಲ್ಲ ಅಂದಿದ್ದಾಳೆ. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿರುವುದು ಆ ಮಾತಿಗೇ.

ಹೋದ ಶನಿವಾರ ನಾನು ಇಲ್ಲಿಗೆ ಬಂದಾಗ ಅವಳು ಆ ಫೋಟೋಗಳನ್ನು ತೋರಿಸಿದಳು. ಮೇಷ್ಟ್ರ ಪಾದ ಮಗುವಿನ ಪಾದದ ಹಾಗೆ ನುಣ್ಣಗಿತ್ತು. ಅವಳ ಫೋನು ಇಸಕೊಂಡು, ತುಟಿ ಪಕ್ಕ ಕುಂಕುಮದಷ್ಟು ಲಿಪ್‌ಸ್ಟಿಕ್ ಹಚ್ಚಿಕೊಂಡು, ನನ್ನದೇ ಒಂದು ಫೋಟೋ ತೆಗೆದೆ. ಹಚ್ಚಿದ್ದು ಇದೆಯೋ ಇಲ್ಲವೋ ಅನ್ನುವ ಹಾಗೆ ಮಸುಕಾಗಿತ್ತು. ಅದು ಗೆರೆ. ನನ್ನ ಕಣ್ಣಿಗೆ ಸಾಕ್ಷಿ ಬೇಕಿರಲಿಲ್ಲ.

ಆದರೂ ಸೋಮವಾರ ನೀವು ಹೊರಗೆ ಹೋದಾಗ ಮಹಡಿಗೆ ಹೋಗಿ ಬಿಸ್ಕತ್ತಿನ ಡಬ್ಬಿ ತೆಗೆದೆ. ಹನ್ನೊಂದು ವರ್ಷದ ಚೀಟಿಗಳೂ ಅದರಲ್ಲಿವೆ, ಎಲ್ಲಕ್ಕಿಂತ ಮೇಲೆ ಈ ಸಲದ್ದು. ನಿಮ್ಮ ದುಂಡು ಅಕ್ಷರದಲ್ಲಿ ಸತ್ಯವನ್ನೇ ಬರೆದಿದ್ದೀರಿ. ಸುಳ್ಳು ಹೇಳಿದವರು ಚೀಟಿ ಹರಿದು ಹಾಕಬೇಕು ಅನ್ನುವಷ್ಟೂ ತಿಳಿಯದೆ ಹೋಯಿತಾ ಅಂತ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ನಾನು ಯಾವತ್ತೂ ಆ ಡಬ್ಬಿ ಮುಟ್ಟುವವಳಲ್ಲ ಅಂತ ನಿಮಗೆ ಅಷ್ಟು ಧೈರ್ಯ. ನನ್ನ ನಂಬಿಕೆಯನ್ನೇ ಬೀಗ ಮಾಡಿಕೊಂಡಿದ್ದೀರಿ. ಚೀಟಿಯ ಕೆಳಗೆ ಗೆರೆ ಫೋನಿನ ಕಂಪನಿಯವರ ಆಮಂತ್ರಣವೂ ಇತ್ತು, ಮುಂದಿನ ಫೋನಿನ ಬಿಡುಗಡೆಯಲ್ಲಿ ವೇದಿಕೆ ಮೇಲೆ ನಿಮಗೊಂದು ಕುರ್ಚಿ. ಅದನ್ನು ಬರೆದ ತಾರೀಖು ನಮ್ಮ ಪರೀಕ್ಷೆಗಿಂತ ಒಂದು ವಾರ ಹಿಂದಿನದು. ಅಂದರೆ ನಾನು ಒಂದು ಫೋಟೋ ನೋಡುವ ಮೊದಲೇ ನೀವು ಮಾತು ಕೊಟ್ಟು ಬಂದಿದ್ದಿರಿ.

ಮಂಗಳವಾರ ಊಟಕ್ಕೆ ಕೂತಾಗ ಚೀಟಿಯನ್ನು ನಿಮ್ಮ ತಟ್ಟೆಯ ಪಕ್ಕ ಇಟ್ಟೆ. ನೀವು ತಪ್ಪಾಯಿತು ಅಂದಿದ್ದರೆ ನಾನು ಅಳುತ್ತಿದ್ದೆ, ಬೈಯುತ್ತಿದ್ದೆ, ಅಲ್ಲೇ ಇರುತ್ತಿದ್ದೆ. ಎರಡೂ ಒಳ್ಳೆ ಫೋನೇ, ಕೂದಲೆಳೆಯಷ್ಟು ವ್ಯತ್ಯಾಸ ಅಂದಿರಿ. ಆಮೇಲೆ ಇನ್ನೊಂದು ಮಾತು ಅಂದಿರಿ: ಹನ್ನೊಂದು ವರ್ಷ ನಿನ್ನ ಮಾತನ್ನೇ ಓದಿದ್ದೀನಿ, ಒಂದೇ ಒಂದು ಸಲ ನನ್ನ ಮಾತು ಓದಿದರೆ ಆಕಾಶ ಕಳಚಿ ಬೀಳುತ್ತಾ ಅಂತ. ಅದು ನಿಮ್ಮೊಳಗೆ ಎಷ್ಟು ವರ್ಷದಿಂದ ಕೊಳೆಯುತ್ತಿತ್ತೋ ನನಗೆ ಗೊತ್ತಿಲ್ಲ. ಮೊದಲೇ ಹೇಳಿದ್ದರೆ ಲಕೋಟೆ ನಾನು ಇಟ್ಟುಕೊಂಡು ತೀರ್ಪು ನಿಮಗೇ ಬಿಡುತ್ತಿದ್ದೆ. ನಿಜವಾಗಲೂ ಬಿಡುತ್ತಿದ್ದೆ. ನಿಮ್ಮ ಮಾತನ್ನು ಓದಬೇಕಿದ್ದರೆ ನಿಮ್ಮ ಹೆಸರಿನಲ್ಲಿ ಓದಬೇಕಿತ್ತು. ನನ್ನ ಸಹಿಯ ಕೆಳಗೆ ಓದಿ, ನನ್ನ ಒಡಹುಟ್ಟಿದವಳ ಕೈಗೇ ಆ ಫೋನು ಕೊಟ್ಟಿರಿ. ನನಗೆ ಇದಕ್ಕಿಂತ ದೊಡ್ಡ ಮೋಸ ಯಾರೂ ಮಾಡಿಲ್ಲ.

ಅಕ್ಕ ನನ್ನನ್ನು ಒಂದು ಮಾತೂ ಅಂದಿಲ್ಲ. ನೀನೇನು ಮಾಡ್ತೀಯ, ನಿನಗೆ ಯಾವುದು ಯಾವುದು ಅಂತ ಗೊತ್ತೇ ಇರಲಿಲ್ಲವಲ್ಲ ಅಂತ ದಿನಕ್ಕೆ ನಾಲ್ಕು ಸಲ ತಲೆ ಸವರುತ್ತಾಳೆ. ನನಗೆ ಅವಳ ಮುಖ ನೋಡೋಕಾಗಲ್ಲ.

ನೀವು ಮಾಡಬೇಕಾದ್ದು ಇಷ್ಟು. ಭಾನುವಾರದ ವಿಡಿಯೋದಲ್ಲಿ ಆ ಚೀಟಿಯನ್ನು ಕ್ಯಾಮೆರಾಗೆ ಹಿಡಿದು, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ. ಯಾಕೆ ಬದಲಿಸಿದಿರಿ ಅಂತಲೂ ಹೇಳಿ. ಮಚ್ಚೆಯಿರುವ ಅತ್ತೆ, ಮಚ್ಚೆಯಿಲ್ಲದ ಅತ್ತೆ, ಎರಡೂ ಫೋಟೋ ಪಕ್ಕಪಕ್ಕ ತೋರಿಸಿ. ಅದೇ ಮಾತನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಅಕ್ಕನ ಆಫೀಸಿಗೆ ಸೋಮವಾರ ಬೆಳಗ್ಗೆ ನೀವೇ ತಂದುಕೊಡಿ. ಜನ ಉಗಿಯುತ್ತಾರೆ, ಉಗಿಯಲಿ. ಮಾತಿನ ಮಲ್ಲರು ನೀವು, ಒಂದು ಸಲ ಮಾತು ತಡವರಿಸಿದರೆ ಏನೂ ಆಗಲ್ಲ. ಚೀಟಿ ನನ್ನ ಹತ್ತಿರ ಇದೆ, ಶನಿವಾರ ಸಂಜೆ ಬಂದು ಕೊಡುತ್ತೇನೆ. ನಾನು ಮನೆಯಲ್ಲೇ ಉಳಿಯುತ್ತೇನೋ ಇಲ್ಲವೋ ಅನ್ನುವುದು ಭಾನುವಾರ ಆದ ಮೇಲಿನ ಮಾತು.

ಇಂತಿ,
ಹನ್ನೊಂದು ವರ್ಷ ಹೆಸರು ನೋಡದೆ ಸಹಿ ಹಾಕಿದ
ನಿಮ್ಮವಳು

ತಾ.ಕ.: ಈ ಕಾಗದದ ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಭಾನುವಾರ ಒಂದಲ್ಲ, ಎರಡು ಕುರ್ಚಿ ಹಾಕಿ, ನಾನೂ ಕೂರುತ್ತೇನೆ. ಶನಿವಾರ ಅಕ್ಕನ ಫೋನು ನೋಡಿದಾಗ ಗೊತ್ತಾಯಿತು ಅನ್ನುವ ಹಾಗೆ ಮೇಲೆ ಬರೆದಿದ್ದೇನೆ. ಅದು ಸುಳ್ಳು. ವಿಡಿಯೋ ತೆಗೆದ ದಿನ ಎಂದಿನಂತೆ ನಾನು ಕ್ಯಾಮೆರಾ ಹಿಂದೆಯೇ ನಿಂತಿದ್ದೆ. ಗೆದ್ದ ಫೋನಿನ ಫೋಟೋ ಅಂತ ನೀವು ಎತ್ತಿ ತೋರಿಸಿದ ಅತ್ತೆಯ ಮುಖದಲ್ಲಿ ಮಚ್ಚೆ ಇರಲಿಲ್ಲ. ಆ ಕ್ಷಣಕ್ಕೇ ನನಗೆ ತಿಳಿಯಿತು. ಬೆಳಕಿನ ದೋಷ, ದೂರದ ದೋಷ, ಕೈತಪ್ಪಿ ಬೇರೆ ಫೋಟೋ ಎತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಎಷ್ಟೋ ತಿಂಗಳ ಮೇಲೆ ನೀವು ಅಷ್ಟು ಖುಷಿಯಾಗಿದ್ದಿರಿ, ಕೇಳಿ ಅದನ್ನು ಕೆಡಿಸುವುದು ಬೇಡ ಅನ್ನಿಸಿತು. ಸಂಜೆ ಅಕ್ಕ ಫೋನ್ ಮಾಡಿದ್ದಳು. ವಿಡಿಯೋ ನೋಡಿದೆ, ಆದರೂ ನಿನ್ನ ಬಾಯಲ್ಲಿ ಒಂದು ಸಲ ಕೇಳಬೇಕು ಕಣೇ, ತಗೊಳ್ಳಲಾ ಅಂತ ಕೇಳಿದಳು. ನಾನು ತಗೋ ಅಂದೆ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಕಾಗದ ಬರೆದದ್ದು ಸಾಕು, ನಿನಗಿಷ್ಟ ಅಂತ ಗಟ್ಟಿ ಕಾಫಿ ಮಾಡಿದ್ದೀನಿ, ಆರುತ್ತೆ ಬಾ ಅಂತ ಅಡುಗೆಮನೆಯಿಂದ ಕರೆಯುತ್ತಿದ್ದಾಳೆ.