ಮೂರನೇ ವಾರ್ಡಿನ ಹಳೇ ವಿಳಾಸ

ಮಾರ್ಚ್ 4, ಬುಧವಾರ
ಮತ್ತೆ ಮೂರನೇ ವಾರ್ಡು, ಮಕ್ಕಳದ್ದು. ದೊಡ್ಡ ಸಿಸ್ಟರ್ ಫೋನ್ — "ಲ್ಯಾಬ್ ಪೇಜಲ್ಲಿ ಹೊಸ ರಿಪೋರ್ಟ್ ಬರ್ತಿಲ್ಲಮ್ಮ, ಹಳೇವೇ ಕಾಣ್ತಿವೆ." ಭಾನುವಾರ ತಾನೇ ನಾವು ನೆಟ್‌ವರ್ಕ್ ವಿಭಾಗದವರು ಲ್ಯಾಬ್ ಪೇಜನ್ನು ಹೊಸ ಸರ್ವರ್‌ಗೆ ಸಾಗಿಸಿದ್ದೇವೆ. ಹೆಸರು ಅದೇ, ವಿಳಾಸದ ನಂಬರ್ ಬೇರೆ. ಹಳೇ ಸರ್ವರನ್ನು ಇನ್ನೂ ಆಫ್ ಮಾಡಿಲ್ಲ.
ಹೋದೆ. ಎನ್‌ಎಸ್‌ಲುಕಪ್ ಹೊಡೆದೆ. "ಈ ಹೆಸರಿನ ಯಂತ್ರ ಎಲ್ಲಿದೆ ಅಂತ ನೇಮ್ ಸರ್ವರನ್ನ ಕೇಳೋ ಕಮಾಂಡ್ ಇದು ಸಿಸ್ಟರ್. ನೋಡಿ, ಹೊಸ ನಂಬರೇ ಹೇಳ್ತಿದೆ." ಸಿಸ್ಟರ್ ಮೂಗು ಮುರಿದರು. ನಾನು ಬಂದುಬಿಟ್ಟೆ.

ಮಾರ್ಚ್ 5
ಆ ವಾರ್ಡಿನ ಒಂದು ಮಗುವಿನ ರಕ್ತದ ರಿಪೋರ್ಟ್ ಅರ್ಧ ದಿನ ತಡವಾಗಿ ಡಾಕ್ಟರ ಕೈ ಸೇರಿದೆ. ಮಗು ಹುಷಾರಾಗಿದೆ, ಸದ್ಯ. ನೆಟ್‌ವರ್ಕ್ ತಪ್ಪೇ ಎಂದು ಸೂಪರಿಂಟೆಂಡೆಂಟ್ ಕೇಳಿದರು. ಅಲ್ಲ ಎಂದು ಬರೆದುಕೊಟ್ಟೆ. ತಪ್ಪು ಸಿಸ್ಟರ್ ತಲೆಗೆ ಬಂತು. ಸಿಸ್ಟರನ್ನು ಸೋಮವಾರದಿಂದ ಬಟ್ಟೆ ಸ್ಟೋರಿಗೆ ಹಾಕುತ್ತಾರಂತೆ. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡವರನ್ನು...
ಮನೆಗೆ ಬಂದು ಇವರಿಗೆ ಹೇಳಿದೆ. "ನೀನ್ಯಾಕೆ ತಲೆ ಕೆಡಿಸ್ಕೋತೀಯ? ಕಮಾಂಡ್ ಸುಳ್ಳು ಹೇಳಲ್ಲ." ನಮ್ಮ ವಿಭಾಗದ ಮುಖ್ಯಸ್ಥರೂ ಇವರೇ; ಇದು ಮುಖ್ಯಸ್ಥರ ಮಾತು. ಗಂಡನ ಮಾತಾಗಿದ್ದರೆ ಜಗಳ ಆಡಬಹುದಿತ್ತು.

ಮಾರ್ಚ್ 8, ಭಾನುವಾರ
ಮನಸ್ಸು ತಡೆಯಲಿಲ್ಲ. ವಾರ್ಡಿಗೆ ಹೋದೆ. ಸಿಸ್ಟರ್ ಚೀಲಕ್ಕೆ ಚಹಾ ಲೋಟ, ಕನ್ನಡಕದ ಡಬ್ಬಿ ತುಂಬುತ್ತಿದ್ದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.
"ಅವತ್ತು ನಿಂತ್ಕೊಂಡೇ ಏನೋ ಟೈಪ್ ಮಾಡಿ ಹೊರಟುಬಿಟ್ಟೆ. ಕೂತ್ಕೊಂಡು, ನಾನು ತೆಗೆಯೋ ಹಾಗೆ ಪೇಜ್ ತೆಗೆದು ನೋಡು."
ಕೂತೆ. ತೆಗೆದೆ. ಹಳೇ ರಿಪೋರ್ಟುಗಳೇ! ಎನ್‌ಎಸ್‌ಲುಕಪ್ — ಹೊಸ ನಂಬರ್. ಆ ಹೆಸರಿನ ಯಂತ್ರವನ್ನೇ ಕೂಗಿ ನೋಡುವ ಪಿಂಗ್ ಮಾಡಿದೆ — ಹಳೇ ನಂಬರ್. ಎನ್‌ಎಸ್‌ಲುಕಪ್ ನೇರವಾಗಿ ನೇಮ್ ಸರ್ವರನ್ನೇ ಕೇಳುತ್ತದೆ. ಆದರೆ ಪೇಜ್ ತೆಗೆಯುವಾಗ ಕಂಪ್ಯೂಟರ್ ಮೊದಲು ತನ್ನೊಳಗಿನ ಹೋಸ್ಟ್ಸ್ ಫೈಲ್, ಅಂದರೆ ಹೆಸರು-ನಂಬರುಗಳ ತನ್ನದೇ ಪಟ್ಟಿ, ನೋಡುತ್ತದೆ. ಹೆಸರು ಅಲ್ಲಿ ಸಿಕ್ಕರೆ ಬೇರೆ ಯಾರನ್ನೂ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.
ಫೈಲ್ ತೆರೆದೆ. ಯಾರೋ ಕೈಯಾರೆ ಸೇರಿಸಿದ ಒಂದು ಸಾಲು, ಹಳೇ ನಂಬರ್. ಪಕ್ಕದಲ್ಲಿ ಟಿಪ್ಪಣಿ — "ಸದ್ಯಕ್ಕೆ ತೇಪೆ. ನಾಳೆ ತೆಗೆಯಬೇಕು." ಕೊನೆಗೆ ಇನಿಷಿಯಲ್. ಇವರದ್ದು. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಇವರೇ.
ಫೋಟೋ ತೆಗೆದುಕೊಂಡು ಸಾಲು ಅಳಿಸಿದೆ. ಇವತ್ತಿನ ರಿಪೋರ್ಟುಗಳು ಸರಸರ ಬಂದವು. ಸಿಸ್ಟರ್ ಪರದೆ ನೋಡಿದರು, ನನ್ನನ್ನು ನೋಡಿದರು. "ಯಾರು ಬರೆದಿದ್ದಮ್ಮ ಅದನ್ನ?"
"ಸಂಜೆಯೊಳಗೆ ಹೇಳ್ತೀನಿ ಸಿಸ್ಟರ್." ನಾಚಿಕೆಯಾಯಿತು.

ಅದೇ ದಿನ, ಸಂಜೆ
ಇವರಿಗೆ ಹೇಳಿದೆ. ಮೊದಲು ನಕ್ಕರು. ಫೋಟೋ ತೋರಿಸಿದೆ. ಮುಖ ಇಳಿಯಿತು. ಎದ್ದು ಅಡುಗೆಮನೆಗೆ ಹೋದರು.
ಸೂಪರಿಂಟೆಂಡೆಂಟರಿಗೆ ಬರೆಯಲು ಕೂತೆ. ಸರಿಯಾಗಿ ನೋಡದೆ ಬರೆದುಕೊಟ್ಟದ್ದು ನನ್ನ ತಪ್ಪು — ಮೊದಲ ಸಾಲು. ಎರಡನೆಯದಕ್ಕೆ ಕೈ ಓಡಲಿಲ್ಲ. "ಹಿಂದೆ ಇದ್ದವರು ಯಾರೋ ಅಂತ ಬರೀಲಾ?" ಕೂಗಿ ಕೇಳಿದೆ. ಕಾಗದ ಬಿಟ್ಟು ಇದನ್ನು ಗೀಚುತ್ತಿದ್ದೇನೆ.
ಒಳಗೆ ಇವರ ದನಿ. ಫೋನಿನಲ್ಲಿ. "ಸಿಸ್ಟರ್, ಆ ಸಾಲು ಬರೆದೋನು ನಾನೇ. ನಾಳೆ ನೀವು ವಾರ್ಡಿಗೇ ಬನ್ನಿ. ಸೂಪರಿಂಟೆಂಡೆಂಟ್ ಹತ್ರ ನಾನೇ ಹೋಗ್ತೀನಿ..."
ಕಾಗದ ಆಮೇಲೆ ಬರೆದರಾಯಿತು. ಹೋಗಿ ಪಕ್ಕದಲ್ಲಿ ನಿಲ್ಲಬೇಕು, ಮೊದಲು ಅದು —